ಬೆರಳಿನ ನಡೆ, ಬಳ್ಳಿಯ ರೂಪ

ರಂಗವಲ್ಲಿಯನ್ನು ಹಾಕಿದ ಮೇಲೆ ಅದನ್ನು ಎಲ್ಲರೂ ನೋಡುತ್ತಾರೆ; ಹಾಕುವ ಕೈಯನ್ನು ನೋಡುವವರು ವಿರಳ. ಗೃಹಿಣಿಯು ಮುಂಜಾವಿನಲ್ಲಿ ಅಂಗಳವನ್ನು ಸಾರಿಸಿ, ಚುಕ್ಕಿಗಳನ್ನಿಟ್ಟು, ಪುಡಿಯನ್ನು ಬೆರಳುಗಳ ನಡುವಿನಿಂದ ಎಳೆಯಾಗಿ ಇಳಿಬಿಡುತ್ತ ಬರೆದ ಬಳ್ಳಿಯು ಮಧ್ಯಾಹ್ನದೊಳಗೆ ಹೋಗಿಬರುವವರ ಕಾಲಿಗೆ ಸಿಕ್ಕು ಅಳಿದುಹೋಗುವದು. ಮರುದಿನ ಮತ್ತೊಂದು ಬಳ್ಳಿಯು ಹುಟ್ಟುವದು. ಬಳ್ಳಿ ಅಳಿದರೇನು, ಬರೆಯುವ ಕೈ ಉಳಿದಿದೆಯಲ್ಲಾ ಎಂದು ನಾವು ನಿಶ್ಚಿಂತರಾಗಿರುತ್ತೇವೆ. ಆದರೆ ಆ ಕೈಗೇ ಮುಪ್ಪು ಬಂದು ನಡುಕ ಹತ್ತಿದಾಗ ಏನು ಮಾಡತಕ್ಕದ್ದು? ಈ ಪ್ರಶ್ನೆಯು ನಮಗೆ ಹೋದ ಎಳ್ಳಮಾವಾಸ್ಯೆಗೆ ಝಳಕಿಯಲ್ಲಿ ಎದುರಾಯಿತು. ಅದರ ಬೆನ್ನು ಹತ್ತಿ ಹೋದಾಗ ಈ ಕಾಲದ ಒಂದು ಹೊಸ ವಿದ್ಯೆಯ ಪರಿಚಯವೂ ಆಯಿತು. ಅವೆರಡನ್ನೂ ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಝಳಕಿಯು ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ಹೆದ್ದಾರಿಯಲ್ಲಿ ಹಗಲಿರುಳು ಲಾರಿಗಳ ಸದ್ದು. ಓಣಿಯೊಳಗೆ ಕಾಲಿಟ್ಟರೆ ಆ ಸದ್ದು ಹಿಂದೆ ಬೀಳುವದು. ಊರನ್ನು ದಾಟಿದರೆ ಎರೆಹೊಲಗಳಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆ. ಅಲ್ಲಿ ನಮ್ಮ ಬಂಧುಗಳ ಮನೆಯುಂಟು. ಅಮಾವಾಸ್ಯೆಯ ಹಿಂದಿನ ದಿನ ನಾವು ಹೋದಾಗ ಅಡಿಗೆಮನೆಯಲ್ಲಿ ಸಜ್ಜೆಯ ಕಡುಬಿನ ಸಿದ್ಧತೆ ನಡೆದಿತ್ತು. ಮರುದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು.

ಆ ಮನೆಯ ಹಿರಿಯಮ್ಮನವರು ಎಂಬತ್ತನ್ನು ದಾಟಿದವರು. ಅವರ ರಂಗವಲ್ಲಿಗೆ ಓಣಿಯಲ್ಲಿಯೇ ಹೆಸರು. ಎರಡು ವರ್ಷಗಳಿಂದ ಅವರ ಬಲಗೈಗೆ ನಡುಕ ಬಂದಿದೆ. ಲೋಟದೊಳಗಿನ ನೀರು ತುಳುಕುವದು; ಸೂಜಿಗೆ ದಾರವನ್ನು ಪೋಣಿಸುವದು ಆಗದು. ಆದರೂ ರಂಗವಲ್ಲಿಯ ಬಟ್ಟಲನ್ನು ಅವರು ಸೊಸೆಗೆ ಬಿಟ್ಟುಕೊಟ್ಟಿಲ್ಲ. ಅವರ ಮೊಮ್ಮಗನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಮೇಲೆ ಚಲಿಸುವ ಚಿತ್ರಗಳನ್ನು ರಚಿಸುವ ಕೆಲಸದವನು. ಅಜ್ಜಿಯ ಕೈ ಪೂರ್ತಿಯಾಗಿ ಸೋಲುವ ಮೊದಲು ಅದರ ನಡೆಯನ್ನು ಹಿಡಿದಿಡಬೇಕೆಂದು ಅವನು ರಜೆಯ ಮೇಲೆ ಬಂದಿದ್ದನು. ಅವನ ಸಾಮಗ್ರಿಗಳು ಬಹಳವಲ್ಲ: ಎರಡು ಫೋನುಗಳು, ಅವನ್ನು ನಿಲ್ಲಿಸಲು ಎರಡು ಕಾಲುಮಣೆಗಳು, ಒಂದು ಕಂಪ್ಯೂಟರು, ಸಂತೆಯಲ್ಲಿ ಕೊಂಡ ಒಂದು ಹಾಳೆ ಟಿಕಳಿ. ಬೆರಳಿನ ಗೆಣ್ಣುಗಳ ಮೇಲೂ ಮಣಿಕಟ್ಟಿನ ಮೇಲೂ ಅವನು ಒಂದೊಂದೇ ಟಿಕಳಿಯನ್ನು ಅಂಟಿಸುತ್ತಿರುವಾಗ ಹಿರಿಯಮ್ಮನವರು ನಕ್ಕು, “ಹಣಿಗೆ ಹಚ್ಚೂದನ್ನ ಕೈಗೆ ಹಚ್ಚಿದೆಲ್ಲೋ!” ಎಂದರು.

ಟಿಕಳಿಯನ್ನು ಕೈಗೆ ಯಾಕೆ ಹಚ್ಚಬೇಕು? ಇದರಲ್ಲಿಯೇ ಆ ವಿದ್ಯೆಯ ಮರ್ಮವಿರುವದು. ಮೋಶನ್ ಕ್ಯಾಪ್ಚರ್ ಎಂದು ಅದಕ್ಕೆ ಹೆಸರು. ಚಲನೆಯನ್ನು ಸೆರೆಹಿಡಿಯುವದೆಂದು ಅರ್ಥ. ಸಾಮಾನ್ಯ ಚಲಚ್ಚಿತ್ರವು ಮನುಷ್ಯನ ಬಣ್ಣ, ಉಡುಪು, ನೆರಳು ಎಲ್ಲವನ್ನೂ ಹಿಡಿಯುವದು. ಈ ವಿದ್ಯೆಯಾದರೋ ಅವೆಲ್ಲವನ್ನೂ ಬಿಟ್ಟು, ಕೀಲುಗಳು ಎಲ್ಲಿಂದ ಎಲ್ಲಿಗೆ ಹೋದವು ಎಂಬಷ್ಟನ್ನೇ ಹಿಡಿಯುವದು. ಒಂದು ಚುಕ್ಕಿಯನ್ನು ಬೇರೆ ಬೇರೆ ಸ್ಥಾನಗಳಲ್ಲಿರುವ ಎರಡು ಕ್ಯಾಮರಾಗಳು ಏಕಕಾಲಕ್ಕೆ ನೋಡಿದರೆ ಅದರ ದೂರವನ್ನೂ ಎತ್ತರವನ್ನೂ ಗಣಿತದಿಂದ ಕಂಡುಹಿಡಿಯಬಹುದು. ನಮ್ಮ ಎರಡು ಕಣ್ಣುಗಳು ಮಾಡುವ ಕೆಲಸವೂ ಇದೇ. ದೊಡ್ಡ ಸ್ಟುಡಿಯೋಗಳಲ್ಲಿ ನಟನ ಮೈಮೇಲೆ ಬೆಳಕನ್ನು ಹಿಂದಿರುಗಿಸುವ ಸಣ್ಣ ಗುಂಡುಗಳನ್ನು ಅಂಟಿಸಿ, ಸುತ್ತಲೂ ಹತ್ತಾರು ಕ್ಯಾಮರಾಗಳನ್ನಿಟ್ಟು, ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆಯುತ್ತಾರೆ. ಈಗೀಗ ಚುಕ್ಕಿಯೇ ಇಲ್ಲದೆ, ಬರಿಯ ಚಿತ್ರವನ್ನು ನೋಡಿ ಕೀಲುಗಳ ಸ್ಥಾನವನ್ನು ಊಹಿಸುವ ಸಾಫ್ಟ್‌ವೇರುಗಳೂ ಬಂದಿವೆ. ೨೦೦೨ರಲ್ಲಿ ತೆರೆಕಂಡ ಆಂಗ್ಲ ಚಿತ್ರದ ಗೊಲ್ಲಮ್ ಎಂಬ ವಿಚಿತ್ರ ಪ್ರಾಣಿಗೆ ಆಂಡಿ ಸರ್ಕಿಸ್ ಎಂಬ ನಟನು ನಡೆಯನ್ನು ಕೊಟ್ಟದ್ದು ಈ ವಿದ್ಯೆಯಿಂದಲೇ. ಹಿಂದೆ ಬೆಂಗಳೂರಿನಲ್ಲಿ ಬಸ್ಸಿನ ಕಂಡಕ್ಟರರಾಗಿದ್ದ ರಜನೀಕಾಂತರು ೨೦೧೪ರ ‘ಕೋಚಡೈಯಾನ್’ ಎಂಬ ತಮಿಳು ಚಿತ್ರದಲ್ಲಿ ಕಾಣಿಸಿಕೊಂಡದ್ದೂ ಇದರಿಂದಲೇ.

ಹೊಸ ವಿದ್ಯೆಯೆಂದೆವು, ಆದರೆ ಅದರ ಬೇರು ಹಳೆಯದು. ಫ್ರಾನ್ಸ್ ದೇಶದಲ್ಲಿ ಎತಿಯೆನ್ ಜ್ಯೂಲ್ ಮಾರೇ ಎಂಬ ವೈದ್ಯವಿಜ್ಞಾನಿಯಿದ್ದನು. ಹಕ್ಕಿಯು ಹೇಗೆ ಹಾರುವದು, ಮನುಷ್ಯನು ಹೇಗೆ ನಡೆಯುವನು ಎಂಬದನ್ನು ಅರಿಯಬೇಕೆಂದು ಅವನಿಗೆ ಹಂಬಲ. ೧೮೮೨ರಲ್ಲಿ ಅವನು ಬಂದೂಕಿನ ಆಕಾರದ ಕ್ಯಾಮರಾವನ್ನು ಮಾಡಿದನು. ಕುದುರೆಯನ್ನು ಎಳೆದರೆ ಗುಂಡು ಹಾರದು; ಒಂದು ಸೆಕೆಂಡಿನಲ್ಲಿ ೧೨ ಚಿತ್ರಗಳು ಮೂಡುವವು. ಮರುವರ್ಷ ಅವನು ಇನ್ನೊಂದು ಯುಕ್ತಿಯನ್ನು ಹೂಡಿದನು. ಒಬ್ಬ ಮನುಷ್ಯನಿಗೆ ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪನ್ನು ತೊಡಿಸಿ, ಕೈಕಾಲುಗಳ ಉದ್ದಕ್ಕೆ ಹೊಳೆಯುವ ಬಿಳಿಯ ಪಟ್ಟಿಗಳನ್ನು ಹೊಲಿದು, ಕಪ್ಪು ಗೋಡೆಯ ಮುಂದೆ ನಡೆಸಿದನು. ಒಂದೇ ಗಾಜಿನ ಫಲಕದ ಮೇಲೆ ಚಿತ್ರದ ಮೇಲೆ ಚಿತ್ರ ಬಿದ್ದಾಗ ಮನುಷ್ಯನು ಮಾಯವಾಗಿ, ಗಾಳಿಗೆ ಬಾಗಿದ ಜೋಳದ ದಂಟುಗಳ ಸಾಲಿನಂತೆ ಗೆರೆಗಳು ಮಾತ್ರ ಉಳಿದವು. ದೇಹವನ್ನು ಅಳಿಸಿ ನಡೆಯನ್ನು ಉಳಿಸಿಕೊಂಡ ಮೊದಲನೆಯ ಚಿತ್ರಗಳಲ್ಲಿ ಅವನ್ನು ಎಣಿಸಬೇಕು.

ಆ ಉಳಿಕೆಯಲ್ಲಿ ಎಷ್ಟು ಅಡಗಿರುವದೆಂಬದನ್ನು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೊಹಾನ್ಸನ್ ಎಂಬವನು ೧೯೭೩ರಲ್ಲಿ ತೋರಿಸಿಕೊಟ್ಟನು. ಒಬ್ಬನ ಮುಖ್ಯ ಕೀಲುಗಳಿಗೆ ಸಣ್ಣ ದೀಪಗಳನ್ನು ಕಟ್ಟಿ, ಕತ್ತಲೆಯಲ್ಲಿ ಆ ದೀಪಗಳಷ್ಟೇ ಕಾಣುವಂತೆ ಮಾಡಿ ಚಿತ್ರ ತೆಗೆದನು. ಅವನು ನಿಂತಿರುವವರೆಗೆ ನೋಡುವವರಿಗೆ ಅದು ಚದುರಿದ ಚುಕ್ಕಿಗಳ ಗುಂಪು, ಒಂದು ಹೆಜ್ಜೆಯನ್ನಿಟ್ಟನೋ ಇಲ್ಲವೋ, “ಮನುಷ್ಯ!” ಎಂದು ಕಣ್ಣು ಗುರುತಿಸಿಬಿಡುವದು. ನಾಲ್ಕು ವರ್ಷಗಳ ತರುವಾಯ, ೧೯೭೭ರಲ್ಲಿ, ಅಮೇರಿಕದ ಕಟಿಂಗ್ ಮತ್ತು ಕೊಜ್ಲೋವ್‌ಸ್ಕಿ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಂಥ ಚುಕ್ಕಿಗಳ ನಡೆಯನ್ನು ನೋಡಿಯೇ ಜನರು ತಮ್ಮ ಗೆಳೆಯರನ್ನು, ಬರಿಯ ಊಹೆಯಿಂದ ಆಗುವದಕ್ಕಿಂತ ಹೆಚ್ಚು ಸರಿಯಾಗಿ, ಗುರುತಿಸಬಲ್ಲರೆಂದು ಅವರು ಕಂಡರು. ಮುಖವಿಲ್ಲ, ದನಿಯಿಲ್ಲ, ಹತ್ತು ಹನ್ನೆರಡು ಚುಕ್ಕಿಗಳು ಮಾತ್ರ. ಅಂಗಳದಾಚೆಯ ಹೆಜ್ಜೆಯ ಸಪ್ಪಳದಿಂದಲೇ ಯಜಮಾನರು ಬಂದರೆಂದು ತಿಳಿಯುವ ಗೃಹಿಣಿಗೆ ಇದೇನೂ ಆಶ್ಚರ್ಯವಲ್ಲ.

ಇದು ವಿದ್ಯೆಯ ಒಂದು ಕೈ. ಇನ್ನೊಂದು ಕೈಯೆಂದರೆ ಸೂತ್ರದಿಂದ ರೂಪವನ್ನು ಬೆಳೆಯಿಸುವದು. ಚಿತ್ರಗಾರನು ಬಳ್ಳಿಯನ್ನು ಬರೆಯುವಾಗ ಎಲೆ ಎಲೆಯನ್ನೂ ತಾನೇ ಬರೆಯುತ್ತಾನೆ. ಕಂಪ್ಯೂಟರಿನ ಕಲಾವಿದನು ಹಾಗೆ ಮಾಡದೆ, “ಇಂತಿಷ್ಟು ಬೆಳೆದ ಮೇಲೆ ಕವಲೊಡೆಯಬೇಕು, ಇಂತಿಷ್ಟು ತಿರುಗಬೇಕು” ಎಂಬ ಕಟ್ಟಳೆಯನ್ನು ಮಾತ್ರ ಬರೆಯುತ್ತಾನೆ. ಉಳಿದುದನ್ನು ಯಂತ್ರವು ಬೆಳೆಯಿಸುವದು. ನಿಸರ್ಗದ ರೀತಿಯೂ ಬಹುಮಟ್ಟಿಗೆ ಹೀಗೆಯೇ ಇರುವದು. ನಮ್ಮ ವಿಜಯಪುರ ಸೀಮೆಗೆ ಸೂರ್ಯಕಾಂತಿಯ ಬೆಳೆ ಹೊಸದಲ್ಲ. ಒಂದು ಬಲಿತ ಹೂವನ್ನು ತಂದು ಮಕ್ಕಳನ್ನು ಕೂಡ್ರಿಸಿಕೊಂಡು ಬೀಜಗಳ ಸುರುಳಿಗಳನ್ನು ಎಣಿಸಿ ನೋಡಿರಿ. ಒಂದು ಕಡೆಗೆ ತಿರುಗುವವು ೩೪ ಇದ್ದರೆ ಇನ್ನೊಂದು ಕಡೆಗೆ ತಿರುಗುವವು ಹೆಚ್ಚಾಗಿ ೫೫ ಇರುವವು. ೧೯೭೯ರಲ್ಲಿ ಹೆಲ್ಮುಟ್ ಫೋಗೆಲ್ ಎಂಬವನು ಇದಕ್ಕೆ ಒಂದು ಸರಳವಾದ ಸೂತ್ರವನ್ನು ಕೊಟ್ಟನು: ಪ್ರತಿಯೊಂದು ಬೀಜವನ್ನು ಹಿಂದಿನದರಿಂದ ಸುಮಾರು ೧೩೭.೫ ಅಂಶ ತಿರುಗಿಸಿ ಇಡಬೇಕು. ನಡುವಿನಿಂದ ೪ನೆಯ ಬೀಜವು ಮೊದಲನೆಯದರ ಎರಡರಷ್ಟು, ೯ನೆಯದು ಮೂರರಷ್ಟು ದೂರವಿರಬೇಕು. ಇಷ್ಟೇ. ಯಂತ್ರಕ್ಕೆ ಇದನ್ನು ಹೇಳಿ ಸಾವಿರ ಸಲ ಮಾಡಿಸಿದರೆ ಸೂರ್ಯಕಾಂತಿಯು ಅರಳುವದು.

ಆ ೩೪, ೫೫ ಎಂಬ ಸಂಖ್ಯೆಗಳು ನಮ್ಮ ಛಂದಸ್ಸಿಗೂ ಹತ್ತಿರದವು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎರಡು ಮಾತ್ರೆಗಳನ್ನು ತುಂಬುವ ಬಗೆಗಳು ೨, ಮೂರಕ್ಕೆ ೩, ನಾಲ್ಕಕ್ಕೆ ೫, ಐದಕ್ಕೆ ೮, ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ೧೨ನೆಯ ಶತಮಾನದ ಜೈನಪಂಡಿತ ಹೇಮಚಂದ್ರನು ಈ ಲೆಕ್ಕವನ್ನು ಬಲ್ಲವನಾಗಿದ್ದನು. ೧೯೬೮ರಲ್ಲಿ ಹಂಗೇರಿಯ ಜೀವವಿಜ್ಞಾನಿ ಲಿಂಡೆನ್‌ಮಾಯರ್ ಎಂಬವನು ಪಾಚಿಯಂಥ ಸಣ್ಣ ಜೀವಿಗಳ ಬೆಳವಣಿಗೆಯನ್ನು ಅಕ್ಷರಗಳಿಂದ ಬರೆಯುವ ರೀತಿಯನ್ನು ಕಲ್ಪಿಸಿದನು: ಬಲಿತ ಕಣವು ಒಂದು ಬಲಿತದ್ದೂ ಒಂದು ಎಳೆಯದೂ ಆಗಿ ಒಡೆಯಬೇಕು, ಎಳೆಯದು ಬಲಿಯಬೇಕು. ಎಣಿಸಿದರೆ ಮತ್ತೆ ೧, ೨, ೩, ೫, ೮. ಇಂದು ಕಂಪ್ಯೂಟರಿನಲ್ಲಿ ಬೆಳೆಯುವ ಮರಬಳ್ಳಿಗಳಲ್ಲಿ ಬಹಳಷ್ಟಕ್ಕೆ ಅವನ ರೀತಿಯೇ ಬೀಜ. ರಂಗವಲ್ಲಿಗೂ ಇಂಥ ಸೂತ್ರವುಂಟು. ಮದ್ರಾಸಿನ ಗಣಿತಜ್ಞರಾದ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಎಂಬವರು ೧೯೭೪ರಲ್ಲಿ ತಮಿಳುನಾಡಿನ ಕೋಲಗಳಿಗೆ ಭಾಷೆಗಿರುವಂಥ ವ್ಯಾಕರಣವನ್ನು ಬರೆದು ತೋರಿಸಿದರು.

ಸೂತ್ರದಿಂದ ಹುಟ್ಟಿದ ರೂಪವನ್ನು ನೋಡಲು ದೂರ ಹೋಗಬೇಕಾಗಿಯೂ ಇಲ್ಲ. ೧೬೫೬ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಸಮಾಧಿಯಾದ ಗೋಳಗುಮ್ಮಟದೊಳಗೆ ನಿಂತು ತಲೆಯೆತ್ತಿ ನೋಡಿದವರು ಅಲ್ಲಿಯ ಕಮಾನುಗಳನ್ನು ಮರೆಯಲಾರರು. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಅರ್ಧ ಮೂಲೆಯಷ್ಟು ತಿರುಗಿಸಿಟ್ಟರೆ ಎಂಟು ಮೊನೆಗಳ ನಕ್ಷತ್ರವಾಗುವದು. ಆ ನಕ್ಷತ್ರದ ಗೆರೆಗಳ ಮೇಲೆ ಕಮಾನುಗಳು ಎದ್ದು, ಒಂದನ್ನೊಂದು ದಾಟಿ, ಚೌಕವಾದ ಕಟ್ಟಡದ ಮೇಲೆ ಸುಮಾರು ೪೪ ಮೀಟರ ಅಗಲದ ಗುಂಡನೆಯ ಗುಮ್ಮಟವನ್ನು ಹೊತ್ತುಕೊಂಡಿರುವವು. ಹೊರಗೆ ಗುಮ್ಮಟದ ಬುಡಕ್ಕೆ ಕಮಲದ ಎಸಳುಗಳ ಸಾಲು. ಒಳಗೆ ಗಣಿತ, ಹೊರಗೆ ಹೂವು.

ಈಗ ಎರಡು ಕೈಗಳೂ ಕೂಡುವ ಸ್ಥಳಕ್ಕೆ ಬರೋಣ. ಸೂತ್ರವು ರೂಪವನ್ನು ಬೆಳೆಯಿಸಬಲ್ಲದು. ಆದರೆ ಅದರಷ್ಟಕ್ಕೆ ಬಿಟ್ಟರೆ ಸಾವಿರ ಎಲೆಗಳೂ ಒಂದೇ ಅಚ್ಚಿನವಾಗುವವು. ಮನುಷ್ಯನ ಚಲನೆಯ ದಾಖಲೆಯನ್ನು ಆ ಸೂತ್ರಕ್ಕೆ ಉಣಿಸಿದರೆ ರೂಪಕ್ಕೆ ಒಂದು ಸ್ವಭಾವವು ಬರುವದು. ಮೆಮೊ ಅಕ್ಟೆನ್ ಮತ್ತು ಕ್ವಯೋಲಾ ಎಂಬ ಕಲಾವಿದರು ೨೦೧೨ರಲ್ಲಿ ಕಾಮನ್‌ವೆಲ್ತ್ ಕ್ರೀಡಾಪಟುಗಳ ಚಲನೆಗಳಿಂದ ‘ಫಾರ್ಮ್ಸ್’ ಎಂಬ ಕೃತಿಯನ್ನು ರಚಿಸಿದರು. ಅದರಲ್ಲಿ ಆಟಗಾರನು ಕಾಣುವದಿಲ್ಲ. ಅವನು ನೆಗೆದು ಹೊರಳಿದ ದಾರಿಯೇ ಕಡ್ಡಿಗಳಾಗಿ, ಎಳೆಗಳಾಗಿ ಚಿಮ್ಮುವದು.

ನಮ್ಮ ಮನಸ್ಸನ್ನು ಇದಕ್ಕಿಂತ ಹೆಚ್ಚು ಸೆಳೆದದ್ದು ಅಮೇರಿಕದ ನೃತ್ಯಾಚಾರ್ಯ ಮರ್ಸ್ ಕನಿಂಗ್‌ಹ್ಯಾಮರ ಕತೆ. ೧೯೧೯ರಲ್ಲಿ ಹುಟ್ಟಿ ೨೦೦೯ರಲ್ಲಿ ತೀರಿಕೊಂಡ ಅವರು ಮುಪ್ಪಿನಲ್ಲಿ ಸಂಧಿವಾತದಿಂದ ಕಾಲುಗಳ ಬಲವನ್ನು ಕಳೆದುಕೊಂಡರು. ಆದರೂ ಕುಣಿತವನ್ನು ಬಿಡಲಿಲ್ಲ. ‘ಲೂಪ್ಸ್’ ಎಂಬ ತಮ್ಮ ನೃತ್ಯವನ್ನು ಕೈಬೆರಳುಗಳಿಂದಲೇ ಆಡಿ ತೋರಿಸುತ್ತಿದ್ದರು. ಪಾಲ್ ಕೈಸರ್, ಶೆಲ್ಲಿ ಎಶ್ಕರ್, ಮಾರ್ಕ್ ಡೌನಿ ಎಂಬ ಮೂವರು ಕಲಾವಿದರು ಅವರ ಬೆರಳುಗಳ ಚಲನೆಯನ್ನು ಚುಕ್ಕಿಗಳಿಂದ ಸೆರೆಹಿಡಿದು, ೨೦೦೧ರಲ್ಲಿ ಅದರಿಂದ ಕಂಪ್ಯೂಟರಿನ ಕೃತಿಯೊಂದನ್ನು ಮಾಡಿದರು. ಒಂದೊಂದು ಗೆಣ್ಣೂ ಒಂದೊಂದು ಚುಕ್ಕಿ. ಆ ಚುಕ್ಕಿಗಳು ಪರಸ್ಪರ ಎಳೆಗಳನ್ನು ಚಾಚಿ ಹಿಡಿಯುತ್ತ, ಬಿಡುತ್ತ, ಜೀವವುಳ್ಳ ಬಲೆಯಂತೆ ಮಿಡಿಯುತ್ತಿರುವವು. ೨೦೦೮ರಲ್ಲಿ ಆ ಚಲನೆಯ ದಾಖಲೆಯನ್ನು ಯಾರು ಬೇಕಾದರೂ ಉಪಯೋಗಿಸುವಂತೆ ತೆರೆದಿಡಲಾಯಿತು. ಮುದಿಯ ಬೆರಳುಗಳೆಂದು ಅಲಕ್ಷ್ಯ ಮಾಡದೆ, ಅವು ಮುದಿಯವಾಗಿದ್ದಂತೆಯೇ ಅವನ್ನು ಹಿಡಿದಿಟ್ಟರು ಎಂಬದೇ ಇಲ್ಲಿ ಮುಖ್ಯವಾದ ಮಾತು.

ಮತ್ತೆ ಝಳಕಿಯ ಅಂಗಳಕ್ಕೆ ಬರುತ್ತೇವೆ. ಹಿರಿಯಮ್ಮನವರು ಕುಕ್ಕರಗಾಲಿನಲ್ಲಿ ಕೂತು ಚುಕ್ಕಿಗಳನ್ನಿಟ್ಟು ಬಳ್ಳಿಯನ್ನೆಳೆದರು. ಎರಡು ಫೋನುಗಳೂ ಸೆಕೆಂಡಿಗೆ ೬೦ ಚಿತ್ರಗಳಂತೆ ಟಿಕಳಿಗಳ ಪ್ರಯಾಣವನ್ನು ನೋಡುತ್ತಿದ್ದವು. ರಾತ್ರಿ ಊಟವಾದ ಮೇಲೆ ಮೊಮ್ಮಗನು ಕಂಪ್ಯೂಟರನ್ನು ಪಡಸಾಲೆಯಲ್ಲಿಟ್ಟು ಎಲ್ಲರಿಗೂ ತೋರಿಸಿದನು. ಬೆರಳಿನ ದಾರಿಯು ಕಾಂಡವಾಗಬೇಕು, ಕೈ ಸಾವಕಾಶವಾದಲ್ಲಿ ಕಾಂಡವು ದಪ್ಪವಾಗಬೇಕು, ತಿರುವಿನಲ್ಲಿ ಎಲೆ ಚಿಗುರಬೇಕು ಎಂದು ಅವನು ಕಟ್ಟಳೆಯನ್ನು ಮಾಡಿದ್ದನು. ಕತ್ತಲೆಯ ತೆರೆಯ ಮೇಲೆ ಹಸಿರು ಬಳ್ಳಿಯು ಹರಿದು ಬಂದಿತು. ನುಣುಪಾಗಿ, ನೀಟಾಗಿ, ಸೀರೆಯ ಅಂಚಿನಂತಿದ್ದಿತು. ನಾವೆಲ್ಲರೂ ಮೆಚ್ಚಿದೆವು. ಸೊಸೆಯೊಬ್ಬಳು ಮಾತ್ರ ಬಹಳ ಹೊತ್ತು ನೋಡಿ, “ಛಂದ ಅದ, ಆದರ ಇದು ಯಾರದರೆ ಆಗಬಹುದು, ಅತ್ತಿದಲ್ಲ” ಎಂದಳು.

ಮೊಮ್ಮಗನು ಕೆಲಹೊತ್ತು ಸುಮ್ಮನಿದ್ದು ಬಳಿಕ ಕಾರಣವನ್ನು ಹೇಳಿದನು. ಕ್ಯಾಮರಾದಿಂದ ಬಂದ ದಾಖಲೆಯಲ್ಲಿ ಯಂತ್ರದ ತಪ್ಪಿನಿಂದ ಚುಕ್ಕಿಗಳು ಸಣ್ಣಗೆ ಅದುರುವದುಂಟು. ಆ ಅದುರುವಿಕೆಯನ್ನು ಸೋಸಿ ತೆಗೆಯುವದು ಈ ವಿದ್ಯೆಯಲ್ಲಿ ರೂಢಿ. ಮನುಷ್ಯನ ನಡಿಗೆಯನ್ನು ಅಭ್ಯಸಿಸುವವರು ಸೆಕೆಂಡಿಗೆ ಸುಮಾರು ೬ ಸಲಕ್ಕಿಂತ ಹೆಚ್ಚು ಅಲುಗುವ ಅಲುಗಾಟವನ್ನೆಲ್ಲ ಕಸವೆಂದು ಸೋಸಿಬಿಡುವರು. ನಡಿಗೆಗೆ ಅದು ತಕ್ಕದ್ದೇ. ಆದರೆ ಮುಪ್ಪಿನ ಕೈಯ ನಡುಕವು ಸಾಮಾನ್ಯವಾಗಿ ಸೆಕೆಂಡಿಗೆ ೪ರಿಂದ ೧೨ ಸಲದ್ದು. ಯಂತ್ರದ ತಪ್ಪು ಯಾವದು, ಅಜ್ಜಿಯ ನಡುಕ ಯಾವದು ಎಂಬದು ಜರಡಿಗೆ ತಿಳಿಯದು. ಅದು ಎರಡನ್ನೂ ಒಟ್ಟಿಗೆ ಕೆಳಗೆ ಚೆಲ್ಲಿತ್ತು. ಹಿರಿಯಮ್ಮನವರ ಕೈಯನ್ನು ಉಳಿಸಬೇಕೆಂದು ಬಂದವನು ಅರಿಯದೆ ಆ ಕೈಯನ್ನೇ ಅಳಿಸಿದ್ದನು.

ಅವನು ಜರಡಿಯನ್ನು ತೆಗೆದನು. ಟಿಕಳಿಯನ್ನು ಮಣೆಗೆ ಅಂಟಿಸಿ ಅಲುಗದಂತಿಟ್ಟು ಯಂತ್ರದ ತಪ್ಪು ಎಷ್ಟೆಂಬದನ್ನು ಮೊದಲು ಅಳೆದನು. ಬಳಿಕ ಅಷ್ಟನ್ನೇ ಸೋಸುವಂತೆ ಜರಡಿಯನ್ನು ಸಣ್ಣದು ಮಾಡಿದನು. ಈ ಸಲ ತೆರೆಯ ಮೇಲೆ ಬಂದ ಬಳ್ಳಿಯು ನುಣುಪಾಗಿರಲಿಲ್ಲ. ಅದರ ಕಾಂಡದಲ್ಲಿ ಸಣ್ಣ ಸಣ್ಣ ಗಂಟುಗಳಿದ್ದವು. ಹೊಲದ ಬದುವಿನ ಅವರೆಯ ಬಳ್ಳಿಯಂತೆ ಅದು ತಡವರಿಸುತ್ತ, ಹಿಡಿದುಕೊಳ್ಳುತ್ತ ಮುಂದೆ ಸಾಗಿತು. ಹಿರಿಯಮ್ಮನವರು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿ, “ಹೂಂ, ಇದು ನಂದು” ಎಂದರು. ಮೊಮ್ಮಗನು ಇದನ್ನು ಬೆಂಗಳೂರಿನಲ್ಲಿ ತನ್ನ ಕೆಲಸಕ್ಕೆ ಬಳಸಿಕೊಳ್ಳಬಹುದೇ ಎಂದು ಕೇಳಲು, “ಅದರಾಗ ನನ್ನ ಹೆಸರು ಬರತದೇನು?” ಎಂದು ಕೇಳಿದರು. ನಾವು ನಕ್ಕೆವು, ಅವರು ನಗಲಿಲ್ಲ. ಚುಕ್ಕಿಗಳ ನಡೆಯಿಂದ ಮನುಷ್ಯರನ್ನು ಗುರುತಿಸಬಹುದಾದರೆ ಆ ನಡೆಯು ಅವರ ಮುಖದಷ್ಟೇ ಅವರ ಸ್ವಂತದ್ದು. ಅದನ್ನು ತೆಗೆದುಕೊಳ್ಳುವ ಮೊದಲು ಕೇಳುವದೂ, ತೆಗೆದುಕೊಂಡಲ್ಲಿ ಹೆಸರನ್ನು ಹೇಳುವದೂ ನ್ಯಾಯ. ಮೊಮ್ಮಗನು ಹೆಸರನ್ನು ಹಾಕುವೆನೆಂದು ಮಾತು ಕೊಟ್ಟನು.

ಮನೆಯಲ್ಲಿ ಹಿರಿಯರಿರುವ ವಾಚಕರಿಗೆ ನಮ್ಮದೊಂದು ವಿಜ್ಞಾಪನೆಯಿದೆ. ಅವರ ಕೈಕೆಲಸವನ್ನು—ರೊಟ್ಟಿ ಬಡಿಯುವದಿರಲಿ, ಕೌದಿ ಹೊಲಿಯುವದಿರಲಿ, ಶ್ಯಾವಿಗೆ ಹೊಸೆಯುವದಿರಲಿ—ಅವರ ಒಪ್ಪಿಗೆಯಿಂದ ಚಿತ್ರ ತೆಗೆದಿಡಿರಿ. ಮುಖಕ್ಕಿಂತ ಕೈ ಚೆನ್ನಾಗಿ ಕಾಣಲಿ. ಸಾಧ್ಯವಾದರೆ ಎರಡು ಕಡೆಗಳಿಂದ, ಅಲುಗದ ಕ್ಯಾಮರಾದಿಂದ ತೆಗೆಯಿರಿ. ಮುಂದೆ ಅದನ್ನು ತಿದ್ದಿ ಚೆಂದ ಮಾಡುವವರು ಮಾಡಲಿ. ಆದರೆ ತಿದ್ದದಿರುವ ಮೊದಲನೆಯ ದಾಖಲೆಯನ್ನು ಎಂದೂ ಕಳೆಯಬೇಡಿರಿ. ಯಾವದು ಕಸ, ಯಾವದು ಕೈ ಎಂಬದು ಇಂದು ನಮಗೆ ತಿಳಿಯದಿರಬಹುದು.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುವೆವು. ನೆಲದ ಮೇಲಿನ ರಂಗವಲ್ಲಿಯಲ್ಲಿ ಪುಡಿ ಬಿದ್ದ ಕಡೆಗೆ ಮಾತ್ರ ಗೆರೆ. ಆದರೆ ಟಿಕಳಿಗಳ ದಾಖಲೆಯಲ್ಲಿ ಪುಡಿ ಬೀಳದಿರುವಾಗ ಕೈಯು ಗಾಳಿಯಲ್ಲಿ ಹೋದ ದಾರಿಯೂ ಇದ್ದಿತು. ಹಿರಿಯಮ್ಮನವರು ಒಂದು ಸುತ್ತನ್ನು ಮುಗಿಸಿ ಮುಂದಿನದಕ್ಕೆ ನೇರವಾಗಿ ಹೋಗುತ್ತಿರಲಿಲ್ಲ. ಕೈಯನ್ನೆತ್ತಿ, ಬಳ್ಳಿಯ ಮೇಲೆ ಎಡಗಡೆಗೆ ಬಳಸಿಕೊಂಡು ಬಂದು, ಮೂಲೆಯ ಚುಕ್ಕಿಯಿಂದ ತೊಡಗುತ್ತಿದ್ದರು. ಆದುದರಿಂದಲೇ ಅವರ ಕೊನೆಯ ಎಳೆಯು ಮೊದಲನೆಯದಕ್ಕೆ ಸಂದಿಲ್ಲದೆ ಕೂಡುತ್ತಿತ್ತು. ಸೊಸೆಯು ತೆರೆಯ ಮೇಲೆ ಆ ಗೆರೆಯನ್ನು ಎರಡು ಸಲ ನೋಡಿ, “ಇಪ್ಪತ್ತು ವರ್ಷ ಬಾಜೂಕ ಕೂತು ನೋಡೇನಿ, ಇದು ನನಗ ಕಂಡೇ ಇರಲಿಲ್ಲ” ಎಂದಳು. ಮರುದಿನ ನಸುಕಿನಲ್ಲಿ, ಹೊಲಕ್ಕೆ ಹೊರಡುವ ಮೊದಲು, ಹಿರಿಯಮ್ಮನವರು ತಾವಾಗಿಯೇ ಬಟ್ಟಲನ್ನು ಸೊಸೆಯ ಕೈಗೆ ಕೊಟ್ಟು ಹೊಸ್ತಿಲ ಮೇಲೆ ಕೂತರು. ಅವಳು ಚುಕ್ಕಿಗಳನ್ನಿಟ್ಟು, ಕೈಯನ್ನೆತ್ತಿ, ಎಡಕ್ಕೆ ಬಳಸಿ, ಮೂಲೆಯ ಚುಕ್ಕಿಯಿಂದ ಎಳೆಯನ್ನು ತೊಡಗಿದಳು.